ನಿಮಗಿದು ಗೊತ್ತೇ? ಜಮೀನಿಗೆ 28 ವರ್ಷ, ಇಂಗ್ಲಿಷ್ ಮೇಷ್ಟ್ರಿಗೆ ಒಂದೇ ವರ್ಷ

● ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್‌ಗೆ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಕರಾರಿನ ಅವಧಿ 28 ವರ್ಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಲೆಕ್ಕ ಹಾಕಿ ನೋಡಿದರೆ ಕೊನೆಯ ಎರಡು ವರ್ಷ ಎಕರೆಗೆ 39,600ರ ಆಸುಪಾಸು ಬರುತ್ತದೆ. ಅದೇ ಸೀಮೆಯ ಮಕ್ಕಳಿಗೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಅತಿಥಿ ಉಪನ್ಯಾಸಕರ ಕರಾರು ಎಷ್ಟು ದಿನದ್ದು? ಒಂದು ಶೈಕ್ಷಣಿಕ ವರ್ಷ. ರಜೆ ಬಂತೆಂದರೆ ಸಂಬಳ ನಿಂತಿತು. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್.

● ಆ ಪಾರ್ಕ್‌ನ ಅಳತೆ ಗೊತ್ತಿರಲಿ: ಸುಮಾರು 13,000 ಎಕರೆ, 2,050 ಮೆಗಾವಾಟ್. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ನೆಲ. ಉದ್ಘಾಟನೆ ಆದದ್ದು 2018ರ ಮಾರ್ಚ್ 1ರಂದು. ಜಮೀನಿದ್ದವರಿಗೆ ಬಾಡಿಗೆ ಸಿಕ್ಕಿತು. ಜಮೀನಿಲ್ಲದ ಕೂಲಿಯವರಿಗೆ ಸಿಕ್ಕಿದ್ದು ಹುಲ್ಲು ಕೀಳುವ, ಪ್ಯಾನೆಲ್ ತೊಳೆಯುವ, ಬೇಲಿ ಕಾಯುವ ಕೆಲಸ, ಅದೂ ಗುತ್ತಿಗೆದಾರರ ಮೂಲಕ. ಡಿಗ್ರಿ ಇಲ್ಲದವರು, ಎಂ.ಎ. ಓದಿದವರು ಇಬ್ಬರೂ ‘ಈ ವರ್ಷ ತಗೋತಾರಾ?’ ಎಂದು ಒಂದೇ ಪ್ರಶ್ನೆ ಕೇಳುವ ಊರುಗಳಿವು.

● ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಾವಗಡಕ್ಕೆ ಹೆಚ್ಚುಕಡಿಮೆ ಎಲ್ಲ ದಿಕ್ಕಲ್ಲೂ ಆಂಧ್ರದ ಗಡಿ. ತಿರುಮಣಿ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೆಯದು. ಇಂಥ ತರಗತಿಯಲ್ಲಿ ಮೇಷ್ಟ್ರು ಬೇಗ ಬೇಗ ಬದಲಾದರೆ ಪೆಟ್ಟು ಮೊದಲು ಬೀಳುವುದು ಇಂಗ್ಲಿಷ್‌ಗೇ. ಹುಡುಗರ ತಪ್ಪು ಎಲ್ಲಿಂದ ಬರುತ್ತದೆ, ತೆಲುಗಿನಿಂದಲೋ ಕನ್ನಡದಿಂದಲೋ ಎಂದು ಹೊಸಬರಿಗೆ ತಿಳಿಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

● ಅತಿಥಿ ಉಪನ್ಯಾಸಕರ ಭವಿಷ್ಯ ನಿಂತಿರುವುದು ‘ವರ್ಕ್‌ಲೋಡ್’ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ವಾರಕ್ಕೆ 15 ಗಂಟೆ ಪಾಠ ಎಂದು ನಿಗದಿ ಮಾಡಿತು. ಅದಕ್ಕೂ ಮುಂಚೆ 8ರಿಂದ 10 ಗಂಟೆ ಇತ್ತು. ಇಂಗ್ಲಿಷಿನ ಲೆಕ್ಕ ಹೀಗೆ ನೋಡಿ. ಭಾಷಾ ಪಾಠ ಇರುವುದು ಪದವಿಯ ಮೊದಲ ನಾಲ್ಕು ಸೆಮಿಸ್ಟರ್ ಮಾತ್ರ. ಒಂದು ವಿಭಾಗಕ್ಕೆ ವಾರಕ್ಕೆ ನಾಲ್ಕು ಗಂಟೆ ಎಂದು ಹಿಡಿಯಿರಿ. ಬಿ.ಎ. ಮೊದಲ ವರ್ಷ, ಎರಡನೇ ವರ್ಷ, ಬಿ.ಕಾಂ. ಮೊದಲ ವರ್ಷ, ಎರಡನೇ ವರ್ಷ: ನಾಲ್ಕು ನಾಲ್ಕಲಿ ಹದಿನಾರು, ಒಬ್ಬರ ಅನ್ನ. ಈ ಸಲ ಬಿ.ಎ.ಗೆ ಹುಡುಗರು ಕಡಿಮೆ ಸೇರಿದರು, ಮೊದಲ ವರ್ಷದ ಬಿ.ಎ., ಬಿ.ಕಾಂ. ಎರಡನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಇಂಗ್ಲಿಷ್ ಮುಗಿಸಿ ಎಂದರು, ಹದಿನಾರು ಹನ್ನೆರಡಾಯಿತು. ಪೂರ್ತಿ ಸಂಬಳದ ಜಾಗ ಅಲ್ಲಿಗೆ ಅಲುಗಾಡಿತು. ವರ್ಗಾವಣೆಯಾಗಿ ಕಾಯಂ ಉಪನ್ಯಾಸಕರೊಬ್ಬರು ಬಂದರೋ, ಆ ಹನ್ನೆರಡೂ ಅವರ ಪಾಲು. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಯುಜಿಸಿ ವಿಧಿಸಿರುವುದೂ ವಾರಕ್ಕೆ 16 ಗಂಟೆಯೇ. ಅತಿಥಿಯ 15ಕ್ಕೆ ಹೋಲಿಸಿದರೆ ಒಂದು ಗಂಟೆಯ ವ್ಯತ್ಯಾಸ!

● ಸಂಬಳದಲ್ಲಿ ಮಾತ್ರ ಆ ಒಂದು ಗಂಟೆ ಬಹಳ ದುಬಾರಿ. ಅಸಿಸ್ಟೆಂಟ್ ಪ್ರೊಫೆಸರ್‌ನ ಆರಂಭಿಕ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಬೇರೆ. ಅತಿಥಿಗಳಿಗೆ 2022ರವರೆಗೆ ತಿಂಗಳಿಗೆ 11,000 ಅಥವಾ 13,000 ಇತ್ತು. ಆಮೇಲೆ ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿತು. ಏರಿದ್ದು ನಿಜ. ಆದರೆ ಒಬ್ಬರ ತಲೆಯ ಮೇಲೆ ಹೆಚ್ಚು ಗಂಟೆ ಹೇರಿದ್ದರಿಂದ ಬೇಕಾದ ತಲೆಗಳ ಸಂಖ್ಯೆ ಇಳಿಯಿತು, ಸಾವಿರಾರು ಮಂದಿ ಹೊರಗುಳಿದರು. ಸಂಬಳ ದುಪ್ಪಟ್ಟಾಯಿತೆಂಬ ಸುದ್ದಿ ದೊಡ್ಡದಾಗಿ ಬಂತು, ಹೊರಗುಳಿದವರ ಸುದ್ದಿ ಸಣ್ಣದಾಗಿ.

● 2023ರ ನವೆಂಬರ್ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದರು. ಬೇಡಿಕೆ ಒಂದೇ, ಸೇವಾ ಭದ್ರತೆ. ಡಿಸೆಂಬರ್ ಕೊನೆಗೆ ಸರ್ಕಾರ ಪ್ರಕಟಿಸಿದ್ದು ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷ ದಾಟಿದವರಿಗೆ ಸೇವೆಯ ವರ್ಷಕ್ಕೆ 50,000ದಂತೆ ಗರಿಷ್ಠ 5 ಲಕ್ಷದ ಇಡುಗಂಟು. ಕೇಳಿದ್ದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು ಅನ್ನಿ. 2024ರ ಜನವರಿ ಮೊದಲ ವಾರ ತುಮಕೂರಿನ ಸಿದ್ಧಗಂಗಾ ಮಠದಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು.

● ‘ಹತ್ತು ವರ್ಷ ದುಡಿದರೆ ಕಾಯಂ ಆಗುತ್ತೆ’ ಎಂಬ ನಂಬಿಕೆಯನ್ನು ಇಡೀ ದೇಶದಲ್ಲಿ ಮುರಿದ ಮೊಕದ್ದಮೆ ಕರ್ನಾಟಕದ್ದೇ! ಕರ್ನಾಟಕ ಸರ್ಕಾರದ ವಿರುದ್ಧ ಉಮಾದೇವಿ ಪ್ರಕರಣ. 1985–86ರಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ದಿನಗೂಲಿಯಾಗಿ ಸೇರಿದ್ದವರು ಹೈಕೋರ್ಟ್‌ನಲ್ಲಿ ಗೆದ್ದರು, ಸುಪ್ರೀಂ ಕೋರ್ಟ್‌ನಲ್ಲಿ ಸೋತರು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠ, ನಿಯಮಬದ್ಧ ನೇಮಕಾತಿ ಇಲ್ಲದೆ ಸೇರಿದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಒಂದೇ ಸಲದ ವಿನಾಯಿತಿ ಕೊಟ್ಟದ್ದು, ಮಂಜೂರಾದ ಹುದ್ದೆಯಲ್ಲಿ ಕೋರ್ಟ್ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರಿಗೆ. ಇಂದಿಗೂ ವಿಧಾನಸೌಧದಲ್ಲಿ ಅತಿಥಿಗಳ ಕಾಯಮಾತಿಯ ಮಾತೆತ್ತಿದರೆ ಅಧಿಕಾರಿಗಳ ಬಾಯಿಂದ ಮೊದಲು ಬರುವ ಹೆಸರು ಉಮಾದೇವಿ.

● ಕಾನೂನಿನ ಕಣ್ಣಲ್ಲಿ ಮೇಷ್ಟ್ರು ಕಾರ್ಮಿಕರಲ್ಲ. ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು. ಶಾಲಾ ಕಾಲೇಜು ಕೈಗಾರಿಕೆ ಎನಿಸಿಕೊಳ್ಳಬಹುದು, ಅಲ್ಲಿ ಪಾಠ ಮಾಡುವವರು ಮಾತ್ರ ಕೈಗಾರಿಕಾ ವಿವಾದ ಕಾಯ್ದೆಯ ಕಾರ್ಮಿಕರಲ್ಲ ಎಂದು. ಅದೇ ಆವರಣದ ಬಸ್ ಚಾಲಕರು ಲೇಬರ್ ಕೋರ್ಟ್ ಮೆಟ್ಟಿಲು ಹತ್ತಬಹುದಿತ್ತು, ಮೇಷ್ಟ್ರು ಹತ್ತುವಂತಿರಲಿಲ್ಲ. ಗ್ರಾಚ್ಯುಟಿಯದೂ ಇಂಥದೇ ಕಥೆ. 2004ರಲ್ಲಿ ಕೋರ್ಟ್ ಶಿಕ್ಷಕರಿಗೆ ಇಲ್ಲ ಎಂದಿತು, 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ 1997ರಿಂದಲೇ ಪೂರ್ವಾನ್ವಯ ಮಾಡಿತು, 2022ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

● ಯುಜಿಸಿಯ 2018ರ ನಿಯಮದ ಪ್ರಕಾರ ಗುತ್ತಿಗೆ ಅಧ್ಯಾಪಕರು ಒಟ್ಟು ಬೋಧಕ ಹುದ್ದೆಗಳ ಶೇ 10 ಮೀರಬಾರದು. ಓದಿ ನಗಬೇಡಿ.

● 2019ರಲ್ಲಿ ಅದೇ ಯುಜಿಸಿ ಅತಿಥಿಗಳಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಮಾರ್ಗಸೂಚಿ ಕೊಟ್ಟಿತು. ಕರ್ನಾಟಕದ ಅತಿಥಿಗೆ ಎಲ್ಲ ಏರಿಕೆ ಕೂಡಿದರೂ ತಲುಪುವುದು 40,000ಕ್ಕೆ.

● ಇಲ್ಲಿ ಬೇಸತ್ತವರ ಕಣ್ಣು ಹೋಗುವುದು ಕೊಲ್ಲಿಯ ಕಡೆಗೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೆ ‘ಕಾಯಂ’ ಎನ್ನುವುದೇ ಸಾಮಾನ್ಯವಾಗಿ ಇಲ್ಲ. ಒಂದು, ಎರಡು, ಮೂರು ವರ್ಷದ ಕರಾರು, ಮತ್ತೆ ನವೀಕರಣ. ಯುಎಇ ಅಂತೂ 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಿಂದ ಖಾಸಗಿ ವಲಯದ ಅನಿರ್ದಿಷ್ಟಾವಧಿ ಕರಾರುಗಳನ್ನೇ ಎತ್ತಿಹಾಕಿ ಎಲ್ಲವನ್ನೂ ನಿಗದಿತ ಅವಧಿಗೆ ತಂದಿತು. ಅಂದರೆ ಲಂಡನ್ನಿನಿಂದ ಬಂದ ಇಂಗ್ಲಿಷ್ ಅಧ್ಯಾಪಕನೂ ಒಂದರ್ಥದಲ್ಲಿ ಅತಿಥಿ ಉಪನ್ಯಾಸಕನೇ. ವ್ಯತ್ಯಾಸ ಎಂದರೆ, ಅವನಿಗೆ ಕೆಲಸ ಹೋದರೆ ವೀಸಾವೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು.

● ಕೊಲ್ಲಿಯ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಬಹಳಷ್ಟು ಮಂದಿ ಪಾಠ ಮಾಡುವುದು ಪದವಿ ತರಗತಿಗಲ್ಲ. ಅರಬ್ಬಿಯಲ್ಲಿ ಶಾಲೆ ಓದಿ ಬಂದವರಿಗೆ ಪದವಿಗೆ ಮುಂಚೆ ಒಂದು ಪೂರ್ವಸಿದ್ಧತಾ ವರ್ಷ ಇರುತ್ತದೆ, ಇಂಗ್ಲಿಷ್ ಅಧ್ಯಾಪಕರ ದೊಡ್ಡ ದಂಡು ಇರುವುದು ಅಲ್ಲಿ. ಸೌದಿಯ ಹಲವು ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟದ್ದೂ ಉಂಟು. ಪಾಠ ವಿಶ್ವವಿದ್ಯಾಲಯದಲ್ಲಿ, ಸಂಬಳ ಕಂಪನಿಯದು. ಶಾಲೆಯಲ್ಲೇ ಇಂಗ್ಲಿಷ್ ಸುಧಾರಿಸಿದರೆ ಈ ಪೂರ್ವಸಿದ್ಧತಾ ವರ್ಷದ ಅಗತ್ಯ ಇಳಿಯುತ್ತದೆ. ಅದು ಮೇಷ್ಟ್ರಿಗೆ ಹಬ್ಬವೂ ಅಲ್ಲ, ಸೂತಕವೂ ಅಲ್ಲ.

● ಒಮಾನ್‌ನಲ್ಲಿ ‘ಒಮಾನೀಕರಣ’ ನೀತಿ 1988ರಿಂದಲೇ ಇದೆ. ಸೌದಿಯ ‘ನಿತಾಖಾತ್’ 2011ರಲ್ಲಿ ಬಂತು. ತಮ್ಮ ಮಕ್ಕಳಿಗೆ ಮೊದಲು ಕೆಲಸ ಎನ್ನುವುದು ಆ ದೇಶಗಳ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ನಿನ್ನೆ ತಾನೇ ಪಾಠ ಹೇಳಿದ ಹುಡುಗಿ ಎಂ.ಎ. ಮುಗಿಸಿ ಬಂದು ತಮ್ಮ ಕುರ್ಚಿಯಲ್ಲಿ ಕೂರುತ್ತಾಳೆ ಎಂಬುದು ಹೊರಗಿನಿಂದ ಹೋದ ಇಂಗ್ಲಿಷ್ ಮೇಷ್ಟ್ರಿಗೆ ಮೊದಲ ದಿನದಿಂದಲೇ ಗೊತ್ತಿರಬೇಕು.

● ಭಾರತದ ಎಂ.ಎ. ಇಂಗ್ಲಿಷ್‌ಗೆ ಅಲ್ಲಿ ಇನ್ನೊಂದು ತೊಡಕು. ‘ಮಾತೃಭಾಷಿಕರು ಮಾತ್ರ’ ಎಂಬ ಷರತ್ತಿನ ಜಾಹೀರಾತುಗಳಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಕೇಳುತ್ತಾರೆ. ವ್ಯಾಕರಣ ಬಲ್ಲವರಿಗಿಂತ ಪಾಸ್‌ಪೋರ್ಟ್ ಇದ್ದವರಿಗೆ ಬೆಲೆ. ಇದು ಅನ್ಯಾಯವೇ ಸರಿ, ಮುಚ್ಚಿಡುವುದೇನಿದೆ. ಇಂಗ್ಲಿಷ್ ಬೋಧನೆಯ ತರಬೇತಿಗೆ ಹೈದರಾಬಾದಿನಲ್ಲಿ 1958ರಲ್ಲೇ ಕೇಂದ್ರ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲೇ ಪ್ರಾದೇಶಿಕ ಸಂಸ್ಥೆ ಕಟ್ಟಿದ ದೇಶದ ಅಧ್ಯಾಪಕರು ನಾವು.

● ಕೊಲ್ಲಿಯಲ್ಲಿ ಕನ್ನಡ ನಾಡಿನವರು ಕಟ್ಟಿದ ವಿಶ್ವವಿದ್ಯಾಲಯವೂ ಇದೆ: ಅಜ್ಮಾನ್‌ನ ಗಲ್ಫ್ ಮೆಡಿಕಲ್ ಯೂನಿವರ್ಸಿಟಿ. 1998ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭಿಸಿದವರು ಮಂಗಳೂರು ಮೂಲದ ತುಂಬೆ ಮೊಯ್ದೀನ್. ಮಣಿಪಾಲದ ದುಬೈ ಕ್ಯಾಂಪಸ್ 2000ದಲ್ಲಿ ಶುರುವಾಯಿತು.

● ಒಂದು ವಿಷಯದಲ್ಲಿ ಮಾತ್ರ ಕೊಲ್ಲಿಯ ಲೆಕ್ಕ ಚೊಕ್ಕ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲವೇತನ ಸೇವಾಂತ್ಯದ ಹಣ. ಮೂಲವೇತನ 10,000 ದಿರ್ಹಂ ಇದ್ದವರು ಆರು ವರ್ಷ ದುಡಿದರೆ 135 ದಿನದ ಲೆಕ್ಕ, 45,000 ದಿರ್ಹಂ ಕೈಗೆ. 2023ರಿಂದ ನಿರುದ್ಯೋಗ ವಿಮೆಯೂ ಇದೆ. ಮೂಲವೇತನ 16,000 ದಿರ್ಹಂವರೆಗೆ ಇದ್ದವರು ತಿಂಗಳಿಗೆ 5 ದಿರ್ಹಂ ಕಂತು ಕಟ್ಟುತ್ತಾರೆ. ಕೆಲಸ ಹೋದರೆ ಮೂಲವೇತನದ ಶೇ 60ರಂತೆ, ತಿಂಗಳಿಗೆ 10,000 ದಿರ್ಹಂ ಮೀರದಂತೆ, ಮೂರು ತಿಂಗಳವರೆಗೆ ಸಿಗುತ್ತದೆ. ರಾಜೀನಾಮೆ ಕೊಟ್ಟರೆ ಇಲ್ಲ. ಕಾಯಂ ಮಾಡುವುದಿಲ್ಲ ಎಂದಾದರೆ ಇಷ್ಟಾದರೂ ಮಾಡಲು ನಮ್ಮವರಿಗೇನು ಅಡ್ಡಿ?

● ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್‌ಗೆ ವಲಸೆ ತಪಾಸಣೆ ಬೇಕಿಲ್ಲ. ಕೊಲ್ಲಿಗೆ ಹೋಗುವ ಕಡಿಮೆ ಓದಿದ ಕೂಲಿ ಕಾರ್ಮಿಕರ ಕರಾರು ‘ಇ-ಮೈಗ್ರೇಟ್’ನಲ್ಲಿ ದಾಖಲಾಗುತ್ತದೆ, ವಿಮೆಯೂ ಕಡ್ಡಾಯ. ಪಿಎಚ್.ಡಿ. ಮಾಡಿದ ಇಂಗ್ಲಿಷ್ ಅಧ್ಯಾಪಕರಿಗೆ ಇದಾವುದೂ ಇಲ್ಲ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ ಎಂದು 1983ರ ವಲಸೆ ಕಾಯ್ದೆಯ ಲೆಕ್ಕ.

● ಕೊಲ್ಲಿಗೆ ಹೊರಟವರ ಪದವಿ ಪತ್ರಕ್ಕೆ ರಾಜ್ಯದ, ಆಮೇಲೆ ವಿದೇಶಾಂಗ ಇಲಾಖೆಯ ಮೊಹರು ಬೇಕು. ಭಾರತ 2005ರಲ್ಲಿ, ಒಮಾನ್, ಬಹರೈನ್ ಆಮೇಲೆ, ಸೌದಿ 2022ರಲ್ಲಿ ‘ಅಪೋಸ್ಟೀಲ್’ ಒಪ್ಪಂದಕ್ಕೆ ಸೇರಿದ್ದರಿಂದ ಆ ದೇಶಗಳಿಗೆ ರಾಯಭಾರ ಕಚೇರಿಯ ಸುತ್ತಾಟ ತಪ್ಪಿತು. ಯುಎಇಗೆ ಹೋಗುವವರಿಗೆ ತಪ್ಪಿಲ್ಲ.

● ಕಾಯಂ ಕೆಲಸವನ್ನು ತಾವಾಗಿಯೇ ಬಿಟ್ಟ ಇಂಗ್ಲಿಷ್ ಮೇಷ್ಟ್ರೂ ಕನ್ನಡದಲ್ಲಿದ್ದಾರೆ. ಪಿ. ಲಂಕೇಶ್ ಅಧ್ಯಾಪಕ ವೃತ್ತಿಗೆ ರಾಜೀನಾಮೆ ಕೊಟ್ಟು 1980ರಲ್ಲಿ ಪತ್ರಿಕೆ ಆರಂಭಿಸಿದರು. ಇನ್ನು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ, ಇದೇ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಪಠ್ಯದ ಆಚೆ ಏನಾದರೂ ಬರೆಯಲು ತಿಂಗಳ ಕೊನೆಯ ಸಂಬಳದ ನೆಮ್ಮದಿ ಎಷ್ಟು ಬೇಕೆಂದು ಈಗಿನ ಅತಿಥಿಗಳನ್ನು ಕೇಳಿ.

● 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರ ಪರ ತೀರ್ಪು ಕೊಟ್ಟಿತು. ಅದೇ ಕೆಲಸಕ್ಕೆ ಕಾಯಂ ಅಧ್ಯಾಪಕರಿಗೆ ಲಕ್ಷ ಮೀರಿದ ಸಂಬಳ, ಇವರಿಗೆ 30,000. ಶಿಕ್ಷಕರಿಗೆ ಘನತೆಯ ಸಂಬಳ ಕೊಡದೆ ಸಮಾರಂಭಗಳಲ್ಲಿ ಗುರುಸ್ತುತಿ ಹಾಡಿದರೆ ಸಾಲದು ಎಂಬ ಧಾಟಿಯಲ್ಲಿ ನ್ಯಾಯಮೂರ್ತಿಗಳು ಚುಚ್ಚಿದರು. ಉಮಾದೇವಿ ತೀರ್ಪು ಹಾಗೇ ಇದೆ. ಸಮಾನ ಕೆಲಸಕ್ಕೆ ಸಮಾನ ಸಂಬಳದ ಬಾಗಿಲು ಮಾತ್ರ ತೆರೆದುಕೊಂಡಿದೆ.

● ಆದ್ದರಿಂದ ಅತಿಥಿ ಉಪನ್ಯಾಸಕರಲ್ಲಿ ಒಂದು ವಿನಂತಿ. ಇಡುಗಂಟು, ಸೇವಾವಧಿಯ ಹೆಚ್ಚಳ, ಕೌನ್ಸೆಲಿಂಗ್‌ನ ಅನುಭವದ ಅಂಕ, ನಾಳೆ ಕೋರ್ಟಿಗೆ ಹೋದರೆ ಅಲ್ಲಿಯ ಸಾಕ್ಷ್ಯ, ಎಲ್ಲಕ್ಕೂ ಕೇಳುವುದು ಕಾಗದ. ಪ್ರತಿ ವರ್ಷದ ಆಯ್ಕೆ ಆದೇಶ, ವರ್ಕ್‌ಲೋಡ್ ಪಟ್ಟಿ, ಸಂಬಳ ಜಮೆಯಾದ ಬ್ಯಾಂಕ್ ವಿವರ ಜೋಪಾನ ಮಾಡಿ. ಕೊಲ್ಲಿಗೆ ಹೊರಟವರು ಕರಾರಿನ ಅರಬ್ಬಿ ಪ್ರತಿಯನ್ನೂ ಓದಿಸಿಕೊಂಡೇ ಸಹಿ ಹಾಕಿ; ಯುಎಇಯಲ್ಲಿ ವ್ಯಾಜ್ಯ ಬಂದರೆ ನಡೆಯುವುದು ಅರಬ್ಬಿಯ ಮಾತು, ನೀವು ಪಾಠ ಮಾಡುವ ಇಂಗ್ಲಿಷಿನದ್ದಲ್ಲ. ಇಲ್ಲೇ ಇರುವವರು ರಿಲೀವ್ ಆಗುವ ದಿನವೇ ಪ್ರಾಂಶುಪಾಲರ ಸಹಿ, ಮೊಹರು ಇರುವ ಸೇವಾ ಪ್ರಮಾಣಪತ್ರ ಪಡೆಯಿರಿ. ಅವರು ವರ್ಗವಾಗಿ ಹೋದ ಮೇಲೆ ಹಳೆಯ ಹಾಜರಿ ಪುಸ್ತಕ ಹುಡುಕಿಸುವುದು ನೆಟ್ ಪಾಸಾಗುವುದಕ್ಕಿಂತ ಕಷ್ಟ.