ಎಕ್ಸ್‌ಕವೇಟರ್ ಇಂಜಿನ್‌ನಲ್ಲಿ ಸೆನ್ಸರ್ ದೋಷ: ಪತ್ತೆ ಹಚ್ಚುವ ಕ್ರಮ

ಹೆದ್ದಾರಿ, ಕಾಲುವೆ, ಕಲ್ಲುಗಣಿ, ಮೆಟ್ರೋ ಮಾರ್ಗ, ಇವುಗಳಲ್ಲಿ ಯಾವ ಕಾಮಗಾರಿಯೂ ಇಂದು ಎಕ್ಸ್‌ಕವೇಟರ್ ಇಲ್ಲದೆ ಸಾಗದು. ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿಯೂ ಧಾರವಾಡದ ಟಾಟಾ ಹಿಟಾಚಿ ಕಾರ್ಖಾನೆಯಲ್ಲಿಯೂ ತಯಾರಾದ ಯಂತ್ರಗಳು ದೇಶದ ನಾನಾ ಭಾಗಗಳಲ್ಲಿ ದುಡಿಯುತ್ತಿವೆ. ಇಂತಹ ಯಂತ್ರದ ಬಾಡಿಗೆಯನ್ನು ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಕೊಡಲಾಗುತ್ತದೆ. ಯಂತ್ರ ನಿಂತರೆ ಮಾಲೀಕನ ಸಾಲದ ಕಂತು ನಿಲ್ಲುವುದಿಲ್ಲ, ಚಾಲಕನ ಭತ್ಯೆ ಮಾತ್ರ ನಿಲ್ಲುತ್ತದೆ.

ಹಿಂದಿನ ಇಂಜಿನ್‌ಗಳಲ್ಲಿ ಇಂಧನದ ಪ್ರಮಾಣವನ್ನು ಯಾಂತ್ರಿಕ ಪಂಪ್ ನಿರ್ಧರಿಸುತ್ತಿತ್ತು. ಹೊಗೆಯ ಮಾಲಿನ್ಯವನ್ನು ತಗ್ಗಿಸುವ ನಿಯಮಗಳು ಬಿಗಿಯಾದಂತೆ ಆ ಹೊಣೆಯು ಇಂಜಿನ್ ನಿಯಂತ್ರಕ ಎಂಬ ಪುಟ್ಟ ಗಣಕಕ್ಕೆ ವರ್ಗವಾಯಿತು. ಚಕ್ರಗಳುಳ್ಳ ನಿರ್ಮಾಣ ಯಂತ್ರಗಳಿಗೆ ನಾಲ್ಕನೆಯ ಹಂತದ ಮಾನದಂಡಗಳು ಜಾರಿಗೆ ಬಂದುದು 2021ರ ಏಪ್ರಿಲ್ 1ರಿಂದ. ತೈಲದ ಒತ್ತಡ, ನೀರಿನ ಉಷ್ಣತೆ, ಇಂಧನದ ಒತ್ತಡ, ಇಂಜಿನ್ನಿನ ವೇಗ, ಇವೆಲ್ಲವನ್ನೂ ನಿಯಂತ್ರಕಕ್ಕೆ ತಿಳಿಸುವ ಉಪಕರಣಗಳೇ ಸಂವೇದಕಗಳು. ನಿಘಂಟಿನ ಈ ಪದವು ಕಾರ್ಯಾಗಾರದ ಹೊಸ್ತಿಲನ್ನು ಇನ್ನೂ ದಾಟಿಲ್ಲವಾದ್ದರಿಂದ ಇಲ್ಲಿಯೂ 'ಸೆನ್ಸರ್' ಎಂದೇ ಬಳಸಲಾಗಿದೆ.

ದೋಷ ಕಂಡುಬಂದಾಗ ಚಾಲಕನ ಮುಂದಿನ ಪರದೆಯಲ್ಲಿ ಒಂದು ಸಂಕೇತ ಮೂಡುತ್ತದೆ. ಅದು ತೈಲ ಒತ್ತಡಕ್ಕೆ ಸಂಬಂಧಿಸಿದ್ದರೆ ಒಡನೆಯೇ ಆ ಸೆನ್ಸರನ್ನು ಕಿತ್ತು ಹೊಸದನ್ನು ಹಾಕುವ ರೂಢಿ ವ್ಯಾಪಕವಾಗಿದೆ. ಇದು ಸರಿಯಾದ ಕ್ರಮವಲ್ಲ. ಸಂಕೇತವು ಸೂಚಿಸುವುದು ಒಂದು ವಿದ್ಯುತ್ ಮಂಡಲವನ್ನೇ ಹೊರತು ಒಂದು ಬಿಡಿಭಾಗವನ್ನಲ್ಲ. ಸೆನ್ಸರ್, ಅದರ ತಂತಿಗಳು, ಅವನ್ನು ಜೋಡಿಸುವ ಕನೆಕ್ಟರ್, ನಿಯಂತ್ರಕ, ಇವೆಲ್ಲವೂ ಆ ಮಂಡಲಕ್ಕೆ ಸೇರಿದವು.

ಅನೇಕ ಭಾರಿ ಯಂತ್ರಗಳು ಜೆ-1939 ಎಂಬ ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸುತ್ತವೆ. ಅದರಲ್ಲಿ ಪ್ರತಿಯೊಂದು ಸಂಕೇತಕ್ಕೂ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವಿಷಯವನ್ನು ಹೇಳುತ್ತದೆ: 100 ಎಂದರೆ ಇಂಜಿನ್ ತೈಲದ ಒತ್ತಡ, 110 ಎಂದರೆ ತಂಪುಗೊಳಿಸುವ ನೀರಿನ ಉಷ್ಣತೆ. ಎರಡನೆಯದು ದೋಷದ ಬಗೆಯನ್ನು ಹೇಳುತ್ತದೆ: 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಎಂದರೆ ಮಿತಿಗಿಂತ ಕಡಿಮೆ. ಆದರೆ 0 ಅಥವಾ 1 ಬಂದರೆ ಅರ್ಥವೇ ಬೇರೆ. ಆಗ ಸೆನ್ಸರಿನ ಮಾತು ನಂಬಲರ್ಹವಾಗಿದ್ದು, ಅಳತೆಯೇ ಅಪಾಯದ ಮಟ್ಟವನ್ನು ಮುಟ್ಟಿದೆ ಎಂದು ತಿಳಿಯತಕ್ಕದ್ದು. ತೈಲ ಒತ್ತಡದ ಸಂಕೇತದೊಡನೆ 4 ಇದ್ದರೆ ತಂತಿಯನ್ನು ಪರೀಕ್ಷಿಸಬೇಕು. 1 ಇದ್ದರೆ ಇಂಜಿನ್ನನ್ನು ತಕ್ಷಣ ನಿಲ್ಲಿಸಿ ತೈಲದ ಮಟ್ಟವನ್ನು ನೋಡಬೇಕು, ಬಳಿಕ ಮುಳ್ಳಿನ ಮಾಪಕವನ್ನು ಜೋಡಿಸಿ ಒತ್ತಡವನ್ನು ಅಳೆಯಬೇಕು. ಈ ಭೇದವನ್ನು ಅರಿಯದೆ, ದೀಪ ನಂದಿದರೆ ಸಾಕೆಂದು ಸೆನ್ಸರಿನ ಬದಲಿಗೆ ರೆಸಿಸ್ಟರ್ ಒಂದನ್ನು ಸಿಕ್ಕಿಸುವವರೂ ಇದ್ದಾರೆ. ಹಾಗೆ ಮಾಡಿದ ಯಂತ್ರದಲ್ಲಿ ತೈಲ ನಿಜವಾಗಿಯೂ ಬತ್ತಿದ ದಿನ ಎಚ್ಚರಿಸುವವರಿಲ್ಲ. ಬೇರಿಂಗ್‌ಗಳೂ ಕ್ರ್ಯಾಂಕ್ ಶಾಫ್ಟೂ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತವೆ.

ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ರಾತ್ರಿಯಿಡೀ ನಿಂತ ಯಂತ್ರದಲ್ಲಿ ಮುಂಜಾನೆ ಇಂಜಿನ್ ಚಾಲನೆ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಪರದೆಯ ಅಳತೆಗಳನ್ನು ಓದಬೇಕು. ನೀರು, ಇಂಧನ, ಒಳಸೇರುವ ಗಾಳಿ, ಈ ಮೂರರ ಉಷ್ಣತೆಯೂ ಹೊರಗಿನ ಹವೆಗೆ ಹತ್ತಿರವಿರಬೇಕು. ತೈಲದ ಒತ್ತಡ ಸೊನ್ನೆಯಾಗಿರಬೇಕು. ಎಲ್ಲವೂ 24 ಡಿಗ್ರಿ ಎನ್ನುವಾಗ ಒಂದು ಮಾತ್ರ 60 ಎಂದರೆ ಶೋಧನೆ ಎಲ್ಲಿಂದ ಆರಂಭವಾಗಬೇಕೆಂಬುದು ಸ್ಪಷ್ಟ.

ಉಷ್ಣತೆಯ ಸೆನ್ಸರ್‌ಗೆ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ತಂತಿ ಕಡಿದರೆ ವೋಲ್ಟೇಜ್ ಏರಿ ಸಂಕೇತ 3 ಮೂಡುತ್ತದೆ, ತಂತಿಗಳು ಒಂದಕ್ಕೊಂದು ತಗುಲಿದರೆ 4 ಮೂಡುತ್ತದೆ. ಈ ಗುಣವನ್ನೇ ಪರೀಕ್ಷೆಗೆ ಬಳಸಬಹುದು. ಪರದೆಯಲ್ಲಿ 4 ಇರುವಾಗ ಸೆನ್ಸರಿನ ಕನೆಕ್ಟರನ್ನು ಬಿಡಿಸಿ ನೋಡಿ. ಸಂಕೇತವು 3ಕ್ಕೆ ಬದಲಾದರೆ ತಂತಿಗಳೂ ನಿಯಂತ್ರಕವೂ ಸರಿಯಾಗಿವೆ, ದೋಷ ಸೆನ್ಸರಿನಲ್ಲಿದೆ. 4 ಹಾಗೆಯೇ ಉಳಿದರೆ ತಂತಿ ಎಲ್ಲಿಯೋ ಸವೆದು ಚೌಕಟ್ಟಿನ ಲೋಹಕ್ಕೆ ತಗುಲಿರುವ ಸಂಭವವೇ ಹೆಚ್ಚು. ಹೊಸ ಸೆನ್ಸರ್ ಕೊಳ್ಳುವ ಮುನ್ನ ಇಷ್ಟು ಮಾಡಿದರೆ ಹಲವು ಸಾವಿರ ರೂಪಾಯಿಗಳು ಉಳಿಯಬಹುದು.

ಒತ್ತಡದ ಸೆನ್ಸರ್‌ಗಳಿಗೆ ಬಹುಮಟ್ಟಿಗೆ ಮೂರು ತಂತಿಗಳು: 5 ವೋಲ್ಟ್ ಪೂರೈಕೆ, ಭೂಸಂಪರ್ಕ ಹಾಗೂ ಸೂಚನೆ. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಪೂರೈಕೆಯನ್ನು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಒಳಗೇ ಸುಟ್ಟರೆ ಉಳಿದವುಗಳ ಪೂರೈಕೆಯೂ ಕುಸಿದು ಮೂರು ನಾಲ್ಕು ಸಂಕೇತಗಳು ಏಕಕಾಲಕ್ಕೆ ಮೂಡುತ್ತವೆ. ನಾಲ್ಕು ಸೆನ್ಸರ್‌ಗಳು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪವೆಂಬುದನ್ನು ನೆನಪಿಡಬೇಕು. ಮಲ್ಟಿಮೀಟರನ್ನು ಪೂರೈಕೆಯ ತಂತಿಗೆ ಹಿಡಿದು ಒಂದೊಂದೇ ಸೆನ್ಸರನ್ನು ಬಿಡಿಸುತ್ತಾ ಹೋದರೆ, ಯಾವುದನ್ನು ಬಿಡಿಸಿದಾಗ 5 ವೋಲ್ಟ್ ಮರಳುವುದೋ ಅಲ್ಲಿಯೇ ದೋಷವಿರುತ್ತದೆ. ಅಳೆಯುವಾಗ ತಂತಿಯ ಹೊದಿಕೆಗೆ ಸೂಜಿ ಚುಚ್ಚಬಾರದು. ಆ ರಂಧ್ರದಿಂದ ನೀರು ಸೇರಿ ಮಳೆಗಾಲದಲ್ಲಿ ತಾಮ್ರ ಕಿಲುಬು ಹಿಡಿಯುತ್ತದೆ.

ದೋಷಗಳ ಮೂಲ ಹೆಚ್ಚಾಗಿ ಹೊರಗಿನದೇ: ಕಂಪನದಿಂದ ಸವೆದ ತಂತಿ, ರಭಸದ ನೀರಿನಿಂದ ತೊಳೆದಾಗ ಕನೆಕ್ಟರಿನೊಳಗೆ ಸೇರಿದ ತೇವ, ಇಲಿಯ ಹಲ್ಲು. ಬಕೆಟ್‌ಗೆ ಬೆಸುಗೆ ಹಾಕುವಾಗ ಬ್ಯಾಟರಿಯ ತಂತಿಯನ್ನು ಬಿಡಿಸದಿದ್ದರೆ ನಿಯಂತ್ರಕವೇ ಸುಡಬಹುದು. ಬೆಸುಗೆಯ ಭೂಸಂಪರ್ಕದ ಹಿಡಿಕೆಯನ್ನು ಬೆಸುಗೆಯ ಜಾಗಕ್ಕೆ ಆದಷ್ಟು ಸಮೀಪದಲ್ಲಿ ಕಚ್ಚಿಸತಕ್ಕದ್ದು.

ಯಾವುದೇ ಪರೀಕ್ಷೆಗೆ ಮುನ್ನ ಬಕೆಟನ್ನು ನೆಲಕ್ಕಿಳಿಸಿ ಹೈಡ್ರಾಲಿಕ್ ಲಾಕ್ ಹಾಕುವುದು ಅತ್ಯವಶ್ಯಕ. ಕಾಮನ್ ರೈಲ್ ಇಂಜಿನ್‌ಗಳಲ್ಲಿ ಇಂಧನದ ಒತ್ತಡ 1,000 ಬಾರ್‌ಗೂ ಮೀರಿರುತ್ತದೆ. ಇಂಜಿನ್ ಓಡುತ್ತಿರುವಾಗ ಆ ಕೊಳವೆಯನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸಂಕೇತವನ್ನು ಅಳಿಸುವ ಮೊದಲು ಅದರ ಎರಡೂ ಅಂಕಿಗಳನ್ನು, ಗಂಟೆ ಮಾಪಕದ ಓದನ್ನು, ದೋಷ ತೋರಿದಾಗ ಯಂತ್ರ ಯಾವ ಕೆಲಸದಲ್ಲಿತ್ತೆಂಬುದನ್ನು ಬರೆದಿಡತಕ್ಕದ್ದು. ಈ ವಿವರಗಳನ್ನು ದೂರವಾಣಿಯಲ್ಲಿ ತಿಳಿಸಿದರೆ, ಸೇವಾಕೇಂದ್ರದ ತಂತ್ರಜ್ಞನು ಬೇಕಾದ ಬಿಡಿಭಾಗದೊಡನೆಯೇ ಸ್ಥಳಕ್ಕೆ ಬರಲು ಸಾಧ್ಯವಾಗುತ್ತದೆ.