26 ಅಂಕಿಯ ಉತ್ತರ ಸರಿಯೇ?



ಶಕುಂತಲಾ ದೇವಿಯವರ ಹೆಸರು ನೀವು ಕೇಳಿರುತ್ತೀರಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿದ್ದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಈ ಎರಡು ಸಂಖ್ಯೆ ಕೊಟ್ಟು ಗುಣಿಸಿ ಎಂದರು.

7686369774870
2465099745779

ಅವರು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು.

18947668177995426462773730

ಇದು ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಸೇರಿತು. ನಾನು ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ, "ಅದು ಸರೀನಾ ಅಂತ ನಮಗೆ ಹೆಂಗೆ ಗೊತ್ತಾಗುತ್ತೆ? ಬರೆಯುವಾಗ ಒಂದು ಅಂಕಿ ತಪ್ಪಿದ್ರೆ?" ಅಂದ. ಪ್ರಶ್ನೆ ನ್ಯಾಯವೇ. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ 26 ಅಂಕಿ ಹಿಡಿಸುವುದಿಲ್ಲ. ಆದರೆ ಪೂರ್ತಿ ಗುಣಿಸದೆಯೂ ತಾಳೆ ನೋಡಬಹುದು.

ಮೊದಲು 9ರ ತಾಳೆ. 10ನ್ನು 9ರಿಂದ ಭಾಗಿಸಿದರೆ ಶೇಷ 1. 100ಕ್ಕೂ 1, 1000ಕ್ಕೂ 1. ಹಾಗಾಗಿ 700ಕ್ಕೆ ಶೇಷ 7. ಅಂದರೆ ಅಂಕಿಗಳನ್ನು ಕೂಡುತ್ತಾ ಹೋದರೆ ಸಾಕು, ಭಾಗಾಕಾರವೇ ಬೇಡ! ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಮತ್ತೆ 6. ಎರಡನೆಯದು 74, 11, ಕೊನೆಗೆ 2. 6×2=12, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, ಅದು 12, ಅದೂ 3. ತಾಳೆಯಾಯ್ತು.

ಆದರೆ ಈ 9ಕ್ಕೆ ಒಂದು ಕುರುಡು ಇದೆ. 46 ಅನ್ನೋ ಕಡೆ 64 ಬರೆದರೂ ಮೊತ್ತ ಅಷ್ಟೇ. ಅದಕ್ಕೇ 11ರ ತಾಳೆ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ಬಿಟ್ಟವನ್ನು ಬೇರೆ ಕೂಡಿ, ಕಳೆಯಬೇಕು. 0 ಅಥವಾ 11ರ ಮಗ್ಗಿಯ ಸಂಖ್ಯೆ ಬಂದರೆ 11ರಿಂದ ಭಾಗವಾಗುತ್ತದೆ. ಎರಡನೇ ಸಂಖ್ಯೆಗೆ ಮಾಡಿದೆ. ಒಂದು ಕಡೆ 37, ಇನ್ನೊಂದು ಕಡೆಯೂ 37! ಭಾಗಿಸಿಯೂ ನೋಡಿದೆ, 224099976889 ಬಂತು, ಶೇಷ ಇಲ್ಲ. ಹಾಗಿದ್ದರೆ ಉತ್ತರವೂ 11ರಿಂದ ಭಾಗವಾಗಲೇಬೇಕು. ಕೂಡಿದೆ. 69 ಮತ್ತು 69. ನನಗೆ ಕುಣಿಯೋ ಹಾಗಾಯ್ತು. ಪಕ್ಕಪಕ್ಕದ ಬೇರೆ ಬೇರೆ ಎರಡು ಅಂಕಿ ಅದಲುಬದಲಾಗಿದ್ದರೆ ಇವು ಸಮ ಬರುತ್ತಿರಲಿಲ್ಲ.

ಹಾಗಂತ ಉತ್ತರ ಸರಿ ಎಂದು ಇದರಿಂದಲೇ ಸಿದ್ಧವಾಗಲಿಲ್ಲ. ತಾಳೆಯಾಗದಿದ್ದರೆ ಖಂಡಿತ ತಪ್ಪು. ತಾಳೆಯಾದರೆ ಖಂಡಿತ ಸರಿ ಅಂತ ಅಲ್ಲ. 462ನ್ನು 264 ಅಂತ ಬರೆದರೆ 9ಕ್ಕೂ ಗೊತ್ತಾಗಲ್ಲ, 11ಕ್ಕೂ ಗೊತ್ತಾಗಲ್ಲ. ಪೂರ್ತಿ ನಂಬಬೇಕಾದರೆ ಗುಣಿಸಲೇಬೇಕು. ಒಂದು ಸೊನ್ನೆ ಇರುವುದರಿಂದ 12 ಸಾಲು ಬರುತ್ತದೆ. ನನಗೆ ಐದು ಸಾಲು ಆಗಿದೆ. ಅವರಿಗೆ 28 ಸೆಕೆಂಡು, ನನಗೆ ಎರಡು ಸಂಜೆ!

ನಿಮಗೊಂದು ಪ್ರಶ್ನೆ: ಆ 26 ಅಂಕಿಯ ಉತ್ತರ 330ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ? ಭಾಗಿಸದೆ ಹೇಳಬೇಕು. ಮೇಲೆ ಬರೆದದ್ದರಲ್ಲೇ ದಾರಿ ಇದೆ.