ನಗದೇ ನಗಿಸಿದ ಕೀಟನ್ ಮತ್ತು ಅವನ ಎಂಜಿನ್

ಮೂಕಿ ಸಿನಿಮಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಚಾಪ್ಲಿನ್. ಆದರೆ ಎಂಜಿನಿಯರಿಂಗ್ ಓದ್ತಿರೋ ನಾವು ನೋಡಲೇಬೇಕಾದ ಇನ್ನೊಬ್ಬನಿದ್ದಾನೆ: ಬಸ್ಟರ್ ಕೀಟನ್. ಅವನು ಕ್ಲೈಡ್ ಬ್ರಕ್‌ಮನ್ ಜೊತೆ ನಿರ್ದೇಶಿಸಿದ ‘ದಿ ಜನರಲ್’ (1926) ಚಿತ್ರದಲ್ಲಿ ನಾಯಕನಷ್ಟೇ ಮುಖ್ಯ ಪಾತ್ರ ಒಂದು ಉಗಿ ಎಂಜಿನ್ನಿನದು!

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ನಿಜವಾಗಿ ನಡೆದ ರೈಲು ಅಪಹರಣವೇ ಕತೆಗೆ ಆಧಾರ. ದಕ್ಷಿಣದ ಎಂಜಿನ್ ಡ್ರೈವರ್ ಜಾನಿ ಗ್ರೇ ಸೈನ್ಯ ಸೇರೋಕೆ ಹೋಗ್ತಾನೆ. ಇವನು ಡ್ರೈವರ್ ಆಗಿದ್ದರೇ ಹೆಚ್ಚು ಉಪಯೋಗ ಅಂತ ಅವರು ಸೇರಿಸಿಕೊಳ್ಳಲ್ಲ, ಕಾರಣವನ್ನೂ ಹೇಳಲ್ಲ. ಪ್ರೀತಿಸಿದ ಹುಡುಗಿ ಇವನನ್ನು ಹೇಡಿ ಅಂದುಕೊಳ್ತಾಳೆ. ಮುಂದೆ ಉತ್ತರದ ಗೂಢಚಾರರು ಅವನ ಎಂಜಿನ್ ಕದ್ದಾಗ ಒಬ್ಬನೇ ಬೆನ್ನಟ್ಟುತ್ತಾನೆ.

ಕೀಟನ್ ಶೈಲಿಯಲ್ಲಿ ಎರಡು ಸೂತ್ರಗಳು ಕಾಣುತ್ತವೆ. ಒಂದು, ಏನೇ ಆದರೂ ಮುಖದಲ್ಲಿ ನಗು ಬರಬಾರದು. ಎರಡು, ಕ್ಯಾಮೆರಾ ದೂರ ಇಟ್ಟು, ಆದಷ್ಟು ಕಟ್ ಮಾಡದೆ ತೋರಿಸಬೇಕು. ಕಟ್ ಮಾಡಿದರೆ ‘ಇದೇನೋ ಟ್ರಿಕ್’ ಅಂತ ನಮಗೆ ಅನುಮಾನ ಬರುತ್ತೆ, ನಗು ಅರ್ಧಕ್ಕೇ ನಿಲ್ಲುತ್ತೆ.

ಹುಡುಗಿ ತಿರಸ್ಕರಿಸಿದ ಮೇಲೆ ಜಾನಿ ಎಂಜಿನ್ ಚಕ್ರಗಳನ್ನು ಜೋಡಿಸುವ ರಾಡ್ ಮೇಲೆ ಸಪ್ಪಗೆ ಕೂರ್ತಾನೆ. ಎಂಜಿನ್ ಹೊರಡುತ್ತೆ. ರಾಡ್ ವಾಲದೆ ಹಳಿಗೆ ಸಮಾನಾಂತರವಾಗಿಯೇ ಇರುತ್ತೆ, ಅದರ ಪ್ರತಿ ಬಿಂದುವೂ ಎಂಜಿನ್‌ಗೆ ಹೋಲಿಸಿದರೆ ವೃತ್ತದಲ್ಲಿ ಸುತ್ತುತ್ತೆ. ಹಾಗಾಗಿ ಅವನು ಬೀಳದೆ ಮೇಲೆ ಕೆಳಗೆ ಹೋಗಿಬರ್ತಾನೆ. ಆದರೆ ಉಗಿ ಸ್ವಲ್ಪ ಜಾಸ್ತಿಯಾಗಿ ಚಕ್ರ ಜಾರಿ ಗಿರ್ರನೆ ತಿರುಗಿದ್ದರೆ? ಕೂತವನ ಕತೆ ಮುಗೀತಿತ್ತು. ಅಲ್ಲಿ ಕೂತಿದ್ದು ಡ್ಯೂಪ್ ಅಲ್ಲ, ಕೀಟನ್ನೇ.

ಇನ್ನೊಂದು ಕಡೆ, ಚಲಿಸೋ ಎಂಜಿನ್ನಿನ ಮುಂದೆ ಕೂತು, ಕೈಲಿರೋ ಮರದ ಸ್ಲೀಪರನ್ನು ಹಳಿ ಮೇಲೆ ಬಿದ್ದಿರೋ ಮತ್ತೊಂದು ಸ್ಲೀಪರಿನ ತುದಿಗೆ ಎಸೀತಾನೆ. ಅದು ಸನ್ನೆಗೋಲಿನ ಹಾಗೆ ಎಗರಿ ಪಕ್ಕಕ್ಕೆ ಬೀಳುತ್ತೆ. ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಪಾಠವೇ ಇಲ್ಲಿ ಜೋಕ್ ಆಗಿದೆ!

ಉರಿಯುವ ಸೇತುವೆ ಮುರಿದು ರೈಲು ನದಿಗೆ ಬೀಳೋ ದೃಶ್ಯಕ್ಕೆ ಮಾಡೆಲ್ ಬಳಸಲಿಲ್ಲ. ಒರೆಗಾನ್ ರಾಜ್ಯದಲ್ಲಿ ನಿಜವಾದ ಎಂಜಿನ್ನನ್ನೇ ಬೀಳಿಸಿದರು. ಎರಡನೇ ಟೇಕ್‌ಗೆ ಅವಕಾಶವೇ ಇರಲಿಲ್ಲ.

ಇಷ್ಟೆಲ್ಲ ಮಾಡಿಯೂ ಚಿತ್ರ ನಿರೀಕ್ಷಿಸಿದಷ್ಟು ಗಳಿಸಲಿಲ್ಲ, ವಿಮರ್ಶಕರೂ ಹೆಚ್ಚು ಮೆಚ್ಚಲಿಲ್ಲ. 1928ರಲ್ಲಿ ಕೀಟನ್ ಎಂಜಿಎಂ ಕಂಪನಿ ಸೇರಿದ, ತನ್ನಿಷ್ಟದಂತೆ ಸಿನಿಮಾ ಮಾಡೋ ಸ್ವಾತಂತ್ರ್ಯ ಕಳೆದುಕೊಂಡ. ಇದು ಶ್ರೇಷ್ಠ ಚಿತ್ರ ಅಂತ ಜಗತ್ತು ಒಪ್ಪಿದ್ದು ದಶಕಗಳ ನಂತರ.

ಒಮ್ಮೆ ನಗೋಕೆ ಅಂತ ನೋಡಿ. ಇನ್ನೊಮ್ಮೆ ಬರೀ ಚಕ್ರಗಳನ್ನೇ ನೋಡಿ.